ಕೋರ್ಟ್ ಕಾಂಪೌಂಡಲ್ಲಿರೋ ಕಾನೂನು ಸೇವಾ ಸಮಿತಿ: ಹೋಗ್ಬಹುದಾ?

ತಾಲೂಕು ಕಾನೂನು ಸೇವಾ ಸಮಿತಿ ಅಂತ ಬೋರ್ಡ್ ನೋಡಿರ್ತೀರ, ಒಳಗೆ ಹೋಗಿರಲ್ಲ. ನಮ್ಮ ಪಕ್ಕದ್ಮನೆ ಅಕ್ಕಂಗೆ ಪೋಲಿಯೋದಿಂದ ಒಂದು ಕಾಲು ಸ್ವಾಧೀನ ಇಲ್ಲ, ಅಣ್ಣಂದಿರು ಜಮೀನಲ್ಲಿ ಪಾಲು ಕೊಡಲ್ಲ ಅಂತ ಕೂತಿದ್ರು, ಲಾಯರ್ ಫೀಸ್ ಕೇಳಿ ಈಯಮ್ಮ ಸುಮ್ಮನಾಗ್ಬಿಟ್ಟಿದ್ರು. ಆಮೇಲೆ ಪ್ಯಾರಾ ಲೀಗಲ್ ವಾಲಂಟಿಯರ್ (ಈ ಸಮಿತಿ ಕಡೆಯಿಂದ ಜನಕ್ಕೆ ಕಾನೂನು ಸಹಾಯ ಮಾಡೋ ಸ್ವಯಂಸೇವಕರು) ಒಬ್ರು ಅಂಗನವಾಡಿ ಹತ್ರ ಸಿಕ್ಕಿ "ನಿಮ್ಗೆ ದುಡ್ಡಿಲ್ದೆ ವಕೀಲರು ಸಿಗ್ತಾರೆ ಬನ್ನಿ" ಅಂದು ಅರ್ಜಿನೂ ತಾವೇ ಬರ್ಕೊಟ್ರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸ್ರು, ಮಕ್ಕಳು, ಎಸ್‌ಸಿ ಎಸ್‌ಟಿ, ಅಂಗವಿಕಲರು, ಜೈಲಲ್ಲಿರೋರು ಇವ್ರಿಗೆಲ್ಲ ಆದಾಯ ಎಷ್ಟೇ ಇದ್ರೂ ಇದು ಫ್ರೀ. ಊರಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ!

ನಂಗೆ ಇಷ್ಟ ಆಗಿದ್ದು ಸಮಿತಿ ಆಫೀಸಿನೋರು ಮಾತಾಡ್ಸೋ ರೀತಿ. ಕುರ್ಚಿ ಕೊಟ್ಟು ಕೂರ್ಸಿ, ನಮ್ಮನ್ನಲ್ಲ, ಅಕ್ಕನ್ನೇ ನೋಡ್ಕೊಂಡು ಕೇಳಿದ್ರು. ಇಂಥ ಮರ್ಯಾದೆ ಬೇರೆ ಆಫೀಸುಗಳಲ್ಲಿ ನಾನಂತೂ ಕಂಡಿಲ್ಲ.

ಬೇಜಾರಾಗಿದ್ದೂ ಇದೆ. ಆಫೀಸ್ ಇರೋದು ಮಹಡಿ ಮೇಲೆ, ಲಿಫ್ಟ್ ಇಲ್ಲ, ಅಂಗವಿಕಲರ ಹಕ್ಕಿನ ಕಾಯ್ದೆ ಬಂದಿದ್ದು 2016ರಲ್ಲೇ, ಆದ್ರೂ ಹಕ್ಕು ಕೇಳೋಕೆ ಬಂದೋರ್ನ ಎತ್ಕೊಂಡು ಹತ್ತಿಸ್ಬೇಕು ಅಂದ್ರೆ ಏನನ್ಬೇಕೋ! ಪ್ಯಾನಲ್ ವಕೀಲರು (ಸಮಿತಿ ತನ್ನ ಪಟ್ಟಿಯಿಂದ ಕೊಡೋ ವಕೀಲರು) ಫೋನ್ ಎತ್ತೋದೂ ಕಮ್ಮಿನೇ. ವಾಲಂಟಿಯರ್‌ಗಳಿಗೆ ಸಂಬಳ ಇಲ್ಲ, ಗೌರವಧನ ಅಷ್ಟೇ, ಅದಕ್ಕೇ ಅವ್ರ ಮೇಲೆ ರೇಗ್ಬೇಡಿ.

ಲೋಕ ಅದಾಲತ್‌ನಲ್ಲಿ (ಕೇಸ್‌ಗಳನ್ನ ರಾಜಿಯಲ್ಲಿ ಮುಗ್ಸೋ ಜನತಾ ನ್ಯಾಯಾಲಯ) ರಾಜಿ ಮಾಡ್ಕೊಳಿ ಅಂದ್ರೆ ಸರಿಯಾಗಿ ಓದಿ ಸೈನ್ ಹಾಕಿ, ಅಲ್ಲಿ ಆದ ತೀರ್ಪಿಗೆ ಅಪೀಲ್ ಇಲ್ಲ. ಅಕ್ಕನ ಕೇಸ್ ಇನ್ನೂ ನಡೀತಿದೆ. ಸಮಿತಿ ಆಫೀಸಿಗೆ ಹೋಗೋಕೆ ಆಗ್ದೋರು ಕಾನೂನು ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ನನ್ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್, ಒಂದು ಕಟ್ ಆಗಿದ್ದು ಆ ಮೆಟ್ಲಿಗೆ.