320, 350, 400: ಸೋಲ್ಡರಿಂಗ್ ಐರನ್ ಎಷ್ಟು ಡಿಗ್ರಿಗೆ ಇಡಬೇಕು?

ಮೊದಲು ಸೋಲ್ಡರ್ ರೀಲಿನ ಮೇಲೆ ಏನು ಬರೆದಿದೆ ನೋಡಿ. 63/37 ಎಂದಿದ್ದರೆ ಅದು ತವರ-ಸೀಸ, 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸೀಸವಿಲ್ಲದ ಎಸ್‌ಎಸಿ305 ಆದರೆ 217ರಿಂದ 220. ಐರನ್ನಿನ ಟಿಪ್ (ಮೊನೆ) ಮಾತ್ರ ಇದಕ್ಕಿಂತ ನೂರಕ್ಕೂ ಹೆಚ್ಚು ಡಿಗ್ರಿ ಮೇಲಿರಬೇಕು; ಪ್ಯಾಡ್ (ಬೋರ್ಡಿನ ಮೇಲೆ ಬೆಸುಗೆ ಹಾಕುವ ತಾಮ್ರದ ಜಾಗ) ಮುಟ್ಟಿದ ಕೂಡಲೇ ಅದರ ಬಿಸಿ ಇಳಿದುಬಿಡುತ್ತದೆ.

ಬೋರ್ಡ್ ಹಾಳಾಗಬಾರದು ಎನ್ನುವವರಿಗೆ 320. ಸೀಸದ ಸೋಲ್ಡರ್, ರೆಸಿಸ್ಟರ್, ಐಸಿ ಕಾಲುಗಳಿಗೆ ಇಷ್ಟು ಸಾಕು. ಕಂದು ಬಣ್ಣದ, ಸಾಲು ಸಾಲು ತೂತುಗಳಿರುವ ಅಗ್ಗದ ಜೀರೋ ಪಿಸಿಬಿ ಬೋರ್ಡಿನಲ್ಲಂತೂ ಇದನ್ನು ದಾಟಬೇಡಿ, ತಾಮ್ರದ ಪ್ಯಾಡ್ ಸುಲಭವಾಗಿ ಎದ್ದು ಬರುತ್ತದೆ.

ಸೀಸರಹಿತ ಸೋಲ್ಡರಿಗೆ 350ರಿಂದ ಶುರು ಮಾಡಿ. ಎರಡು-ಮೂರು ಸೆಕೆಂಡಿನಲ್ಲಿ ಸೋಲ್ಡರ್ ಪ್ಯಾಡಿನ ಮೇಲೆ ಹರಡಬೇಕು. ಗುಂಡಗೆ ಮುದ್ದೆಯಾಗಿ ಕೂತರೆ ಪ್ಯಾಡ್ ಕಾದಿಲ್ಲ, ಇಲ್ಲವೇ ಕೊಳೆಯಾಗಿದೆ.

400ರ ಕೆಲಸವೇ ಬೇರೆ: ದಪ್ಪ ವೈರು, ದೊಡ್ಡ ಕನೆಕ್ಟರ್, ಅದೂ ಸ್ವಲ್ಪ ಹೊತ್ತು. ಇಷ್ಟು ಬಿಸಿಯಲ್ಲಿ ಫ್ಲಕ್ಸ್ (ಲೋಹವನ್ನು ಶುಚಿ ಮಾಡಿ ಸೋಲ್ಡರ್ ಹರಡಲು ನೆರವಾಗುವ ಅಂಟು) ತನ್ನ ಕೆಲಸ ಮುಗಿಸುವ ಮೊದಲೇ ಸುಟ್ಟು ಹೊಗೆಯಾಗುತ್ತದೆ, ಟಿಪ್ ಕಪ್ಪಾಗಿ ಸೋಲ್ಡರ್ ಹಿಡಿಯುವುದಿಲ್ಲ. ಗ್ರೌಂಡಿಗೆ ಸೇರಿದ ಅಗಲ ತಾಮ್ರದಲ್ಲಿ ಸೋಲ್ಡರ್ ಕರಗದಿದ್ದಾಗ ಹೆಚ್ಚಿನವರು ನೇರ 400ಕ್ಕೆ ಏರಿಸುತ್ತಾರೆ. ಅದರ ಬದಲು ಸೂಜಿ ಮೊನೆಯ ಟಿಪ್ ತೆಗೆದು 2-3 ಮಿಲಿಮೀಟರ್ ಅಗಲದ ಚಪ್ಪಟೆ ಟಿಪ್ ಹಾಕಿ. 350ರಲ್ಲೇ ಕೆಲಸ ಆಗಬಹುದು.

ಡಯಲ್ಲೇ ಇಲ್ಲದ 25 ವಾಟ್ ಐರನ್ನಿನಲ್ಲಿ ಈ ಆಯ್ಕೆಗಳಿಲ್ಲ. ಸೀಸದ ಸೋಲ್ಡರ್ ಬಳಸಿ, ಪ್ಯಾಡಿನ ಮೇಲೆ ಟಿಪ್ ಇಡುವ ಹೊತ್ತನ್ನು ಕಡಿಮೆ ಮಾಡಿ.