ನ್ಯಾಪ್ಸ್2: ವಕೀಲರ ಕಚೇರಿಯಲ್ಲಿ ಬಹುಕಾಲ ಬಳಸಿದ ಮೇಲೆ

ಒಬ್ಬರೋ ಇಬ್ಬರೋ ವಕೀಲರು, ಒಬ್ಬ ಗುಮಾಸ್ತ, ಒಂದು ವಿಂಡೋಸ್ ಕಂಪ್ಯೂಟರ್, ಮೇಲೆ ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಫೀಡರ್ ಇರುವ ಆಲ್-ಇನ್-ಒನ್ ಪ್ರಿಂಟರ್. ತಾಲ್ಲೂಕು, ಜಿಲ್ಲಾ ಕೋರ್ಟುಗಳ ಸುತ್ತಲಿನ ಸಣ್ಣ ಕಚೇರಿಗಳಲ್ಲಿ ಸಾಮಾನ್ಯವಾಗಿ ಇರುವ ಸರಂಜಾಮು ಇಷ್ಟೇ. ಇಂಥ ಕಡೆಗೆ ಹೇಳಿ ಮಾಡಿಸಿದಂತಿದೆ ನ್ಯಾಪ್ಸ್2 ಎಂಬ ಸ್ಕ್ಯಾನಿಂಗ್ ತಂತ್ರಾಂಶ. ಉಚಿತ, ಮುಕ್ತ ತಂತ್ರಾಂಶ, ಖಾತೆ ತೆರೆಯುವ ಗೊಡವೆಯಿಲ್ಲ. ಪುಟದ ಚಿತ್ರದಲ್ಲಿರುವ ಅಕ್ಷರ ಓದುವ ಒಸಿಆರ್ ಕೆಲಸವೂ ನಮ್ಮ ಕಂಪ್ಯೂಟರಿನೊಳಗೇ ನಡೆಯುತ್ತದೆ. ಇಂಟರ್‌ನೆಟ್ ಬೇಕಾಗುವುದು ತಂತ್ರಾಂಶವನ್ನೂ ಭಾಷಾ ಫೈಲನ್ನೂ ಇಳಿಸಿಕೊಳ್ಳುವಾಗ ಮಾತ್ರ.

ಮೊಬೈಲ್ ಸ್ಕ್ಯಾನರ್ ಆ್ಯಪ್ ಸಾಲದೇ ಎಂದರೆ, ವಕೀಲರಿಗೆ ಸಾಲದು. 2019ರ ಆಗಸ್ಟ್‌ನಲ್ಲಿ ಕ್ಯಾಮ್‌ಸ್ಕ್ಯಾನರ್‌ನ ಆಂಡ್ರಾಯ್ಡ್ ಆವೃತ್ತಿಯೊಳಗೆ ಕುತಂತ್ರಾಂಶ ಸೇರಿಕೊಂಡಿದ್ದನ್ನು ಕ್ಯಾಸ್ಪರ್‌ಸ್ಕಿ ಸಂಶೋಧಕರು ಪತ್ತೆ ಹಚ್ಚಿದರು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿರ್ಬಂಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ಬೇರೆ ಆ್ಯಪ್ ಹಾಕಿಕೊಂಡರೂ, ಫೋನಿನಲ್ಲಿ ಬ್ಯಾಕಪ್ ಆನ್ ಇದ್ದರೆ ಗ್ಯಾಲರಿಯಿಂದ ಪುಟಗಳು ತಾವಾಗಿ ಕ್ಲೌಡಿಗೆ ಏರಬಹುದು. ಕಕ್ಷಿದಾರರು ನಂಬಿ ಕೊಟ್ಟ ಕಾಗದ ಪತ್ರಗಳ ಗೋಪ್ಯತೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನ ಮಾತು. ಅದನ್ನು ಯಾವುದೋ ಸರ್ವರಿನ ಷರತ್ತುಗಳಿಗೆ ಬಿಟ್ಟುಕೊಡುವ ಅಗತ್ಯವಿಲ್ಲ.

ಇದರ ನಿಜವಾದ ಬಲ ಪ್ರೊಫೈಲ್‌ಗಳಲ್ಲಿದೆ. ಸ್ಕ್ಯಾನರ್, ಕಾಗದದ ಅಳತೆ, ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ), ಬಣ್ಣ ಎಲ್ಲವನ್ನೂ ಒಮ್ಮೆ ಹೊಂದಿಸಿ ಹೆಸರಿಟ್ಟು ಉಳಿಸಿದರೆ ಗುಮಾಸ್ತರು ಒಂದು ಗುಂಡಿ ಒತ್ತಿದರೆ ಸಾಕು. ಮೂರು ಪ್ರೊಫೈಲ್ ಇದ್ದರೆ ಕಚೇರಿ ನಡೆಯುತ್ತದೆ. ದಾವಾಪತ್ರ, ಪ್ರತಿವಾದಪತ್ರದಂಥ ಟೈಪ್ ಆದ ಎ4 ಪುಟಗಳಿಗೆ 300 ಡಿಪಿಐ, ಕಪ್ಪು-ಬಿಳುಪು. ಕ್ರಯಪತ್ರ, ಛಾಪಾ ಕಾಗದಕ್ಕೆ ಲೀಗಲ್ ಅಳತೆ, 300 ಡಿಪಿಐ, ಬಣ್ಣ. ಪಹಣಿ, ದೃಢೀಕೃತ ನಕಲುಗಳಿಗೆ 300 ಡಿಪಿಐ, ಗ್ರೇಸ್ಕೇಲ್ ಅಂದರೆ ಬೂದು ಛಾಯೆಗಳು.

ಈ ವಿಂಗಡಣೆ ಸುಮ್ಮನೆ ಮಾಡಿದ್ದಲ್ಲ. ಕಪ್ಪು-ಬಿಳುಪಿನಲ್ಲಿ ಪ್ರತಿ ಚುಕ್ಕಿಯೂ ಕಪ್ಪೋ ಬಿಳುಪೋ ಆಗಲೇಬೇಕು. ಮಸುಕಾದ ನೇರಳೆ ಮೊಹರು, ತಿಳಿ ನೀಲಿ ಸಹಿ ಬಿಳುಪಿನ ಕಡೆ ಜಾರಿ ಮಾಯವಾಗುತ್ತವೆ; ಛಾಪಾ ಕಾಗದದ ಹಿನ್ನೆಲೆಯ ಚಿತ್ತಾರ ಕಪ್ಪಿನ ಕಡೆ ಬಂದು ಅಕ್ಷರಗಳ ಮೇಲೆ ಮಣ್ಣೆರಚಿದಂತೆ ಕಾಣುತ್ತದೆ. ಹಾಗೆಂದು ಎಲ್ಲವನ್ನೂ ಬಣ್ಣದಲ್ಲಿ ತೆಗೆದರೆ ಫೈಲು ಊದಿಕೊಳ್ಳುತ್ತದೆ. ಎ4 ಪುಟವೊಂದು 300 ಡಿಪಿಐಯಲ್ಲಿ 2480×3508 ಚುಕ್ಕಿಗಳಷ್ಟಾಗುತ್ತದೆ. ಒತ್ತಿ ಕುಗ್ಗಿಸುವ ಮೊದಲು ಅದು ಕಪ್ಪು-ಬಿಳುಪಿನಲ್ಲಿ ಸುಮಾರು 1 ಎಂಬಿ, ಗ್ರೇಸ್ಕೇಲಿನಲ್ಲಿ ಸುಮಾರು 8.7 ಎಂಬಿ, ಬಣ್ಣದಲ್ಲಿ ಸುಮಾರು 26 ಎಂಬಿ. ಡಿಪಿಐ 600ಕ್ಕೆ ಏರಿಸಿದರೆ ಇದೆಲ್ಲ ನಾಲ್ಕು ಪಟ್ಟು. ಓದಲು ಸಿಗುವ ಲಾಭ ಅಷ್ಟಕ್ಕಷ್ಟೇ.

ಕಾಗದದ ಅಳತೆಯಲ್ಲಿ ಆಗುವ ಎಡವಟ್ಟು ಇನ್ನೂ ದುಬಾರಿ. ಲೀಗಲ್ ಕಾಗದ 14 ಇಂಚು ಉದ್ದ, ಎ4 ಬರೀ 11.69 ಇಂಚು. ಎ4 ಪ್ರೊಫೈಲಿನಲ್ಲಿ ಕ್ರಯಪತ್ರ ಹಾಕಿದರೆ ಕೆಳಗಿನ ಎರಡೂಕಾಲು ಇಂಚಿಗೂ ಹೆಚ್ಚು ಭಾಗ ಸದ್ದಿಲ್ಲದೆ ಕತ್ತರಿಸಿ ಹೋಗುತ್ತದೆ. ಸಹಿ, ಸಾಕ್ಷಿ, ನೋಟರಿ ಮೊಹರು ಇರುವುದು ಅಲ್ಲೇ. ಗಾಜಿನ ಮೇಲ್ಮೈ ಎ4 ಅಳತೆಯದಾಗಿದ್ದರೆ ಲೀಗಲ್ ಪುಟಕ್ಕೆ ಫೀಡರೇ ಗತಿ. ಹಳೆಯ, ಮಡಿಕೆಯಲ್ಲಿ ಸೀಳಿದ ಪತ್ರವನ್ನು ಫೀಡರಿಗೆ ಕೊಡುವಂತಿಲ್ಲ. ಗಾಜಿನ ಮೇಲೆ ಮೇಲಿನ ಭಾಗ, ಕೆಳಗಿನ ಭಾಗ ಎಂದು ಎರಡು ಸಲ, ನಡುವೆ ಕೆಲವು ಸಾಲು ಎರಡರಲ್ಲೂ ಬರುವಂತೆ ತೆಗೆಯಿರಿ. ಸ್ಟೇಪ್ಲರ್ ಪಿನ್ನು, ಟ್ಯಾಗು ಮೊದಲೇ ಬಿಚ್ಚಿರಬೇಕು ಎನ್ನುವುದನ್ನು ಹೇಳಬೇಕಿಲ್ಲ.

ಪ್ರೊಫೈಲಿನ ಅಡ್ವಾನ್ಸ್ಡ್ ಭಾಗದಲ್ಲಿ ಖಾಲಿ ಪುಟ ಬಿಟ್ಟುಬಿಡುವ ಆಯ್ಕೆ ಇದೆ. ದಾಖಲೆ ಪತ್ರಗಳಿಗೆ ಅದನ್ನು ಆರಿಸಲೇಬೇಡಿ. ಛಾಪಾ ಕಾಗದದ ಬೆನ್ನಿಗೆ ಮಾರಾಟಗಾರರ ಷರಾ, ಮಸುಕಾದ ಒಂದು ಮೊಹರು ಮಾತ್ರ ಇದ್ದರೆ ತಂತ್ರಾಂಶ ಅದನ್ನೂ ಖಾಲಿ ಎಂದೇ ಎಣಿಸಬಹುದು. ಕಾಗದ ಕೊಂಡವರು ಯಾರು, ಯಾವ ದಿನ ಎಂಬ ಪ್ರಶ್ನೆ ಪಾಟೀ ಸವಾಲಿನಲ್ಲಿ ಎದ್ದಾಗ ಬೇಕಾಗುವುದು ಆ ಬೆನ್ನೇ.

ಎರಡೂ ಬದಿ ತಾನೇ ಓದುವ ಸ್ಕ್ಯಾನರ್ ಇಲ್ಲದಿದ್ದರೂ ಚಿಂತೆಯಿಲ್ಲ. ಮುಂಬದಿಗಳನ್ನೆಲ್ಲ ಒಮ್ಮೆ ಓಡಿಸಿ, ಕಟ್ಟನ್ನು ಹಾಗೇ ತಿರುಗಿಸಿ ಹಿಂಬದಿಗಳನ್ನು ಓಡಿಸಿ. ನಂತರ ರೀಆರ್ಡರ್ ಮೆನುವಿನಲ್ಲಿ ಆಲ್ಟರ್ನೇಟ್ ಇಂಟರ್‌ಲೀವ್ ಒತ್ತಿದರೆ 1, 2, 3 ಎಂದು ಪುಟಗಳು ಸಾಲಾಗುತ್ತವೆ. ಬರೀ ಇಂಟರ್‌ಲೀವ್ ಇರುವುದು ಹಿಂಬದಿಗಳೂ ಮೊದಲಿನಿಂದಲೇ ಬಂದಾಗ. ಫೀಡರ್ ಎಲ್ಲೋ ಎರಡು ಹಾಳೆ ಒಟ್ಟಿಗೆ ನುಂಗಿದ್ದರೆ ಅಲ್ಲಿಂದ ಮುಂದಿನ ಜೋಡಿಗಳೆಲ್ಲ ತಪ್ಪುತ್ತವೆ. ಮುಂಬದಿ ಎಷ್ಟು ಬಂದಿವೆ, ಹಾಳೆ ಎಷ್ಟಿವೆ ಎಂದು ಎಣಿಸಿ ಆಮೇಲೆ ಜೋಡಿಸಿ.

ಇನ್ನು ಕನ್ನಡ ಒಸಿಆರ್. ಒಳಗೆ ಕೆಲಸ ಮಾಡುವುದು ಟೆಸೆರಾಕ್ಟ್ ಎಂಬ ಮುಕ್ತ ಒಸಿಆರ್ ತಂತ್ರಾಂಶ. ಒಸಿಆರ್ ಮೆನುವಿನಲ್ಲಿ ಕನ್ನಡದ ಫೈಲನ್ನು ಇಳಿಸಿಕೊಳ್ಳಬೇಕು. ಈಚಿನ ಆವೃತ್ತಿಗಳಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಒಟ್ಟಿಗೆ ಆರಿಸಬಹುದು. ನಮ್ಮ ಕೋರ್ಟು ಕಾಗದಗಳು ಯಾವತ್ತೂ ಬೆರಕೆಯಾದ್ದರಿಂದ ಇದು ಬೇಕೇ ಬೇಕು. ಲೇಸರ್ ಪ್ರಿಂಟಿನ ಕನ್ನಡವನ್ನು ಹುಡುಕಲು ಆಗುವಷ್ಟು ಚೆನ್ನಾಗಿ ಓದುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಮುದ್ರಿಸಿದ ಪುಟವನ್ನೂ ಯೂನಿಕೋಡ್ ಮಾಡಿಯೇ ಕೊಡುತ್ತದೆ ಎಂಬುದು ಅನಿರೀಕ್ಷಿತ ಲಾಭ. ಕೈಬರಹ ಕೈಗೆ ಹತ್ತುವುದಿಲ್ಲ. ಹಳೆಯ ಟೈಪ್‌ರೈಟರಿನ ಕಾರ್ಬನ್ ಪ್ರತಿಯೂ ಬಹುಪಾಲು ಹಾಗೇ.

ಇದನ್ನು ಹುಡುಕುವುದಕ್ಕೆ ನಂಬಿ, ನಕಲಿಸುವುದಕ್ಕೆ ನಂಬಬೇಡಿ. ಒತ್ತಕ್ಷರ, ಅರ್ಕಾವೊತ್ತು ತಪ್ಪುತ್ತವೆ. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಭೇದ ತಿಳಿಯುವುದಿಲ್ಲ. ಸರ್ವೆ ನಂಬರು, ಗುಂಟೆ ಲೆಕ್ಕ, ಚಕ್ಕುಬಂದಿಯನ್ನು ಒಸಿಆರ್‌ನಿಂದ ಎತ್ತಿ ದಾವೆಯ ಷೆಡ್ಯೂಲಿಗೆ ಅಂಟಿಸಿದರೆ ಮುಂದೆ ತಿದ್ದುಪಡಿ ಅರ್ಜಿ ಹಾಕುವ ಯೋಗ. ಹುಡುಕುವಾಗಲೂ ಒತ್ತಿಲ್ಲದ ಎರಡು ಮೂರು ಅಕ್ಷರಗಳ ತುಣುಕು ಅಥವಾ ಇಂಗ್ಲಿಷ್ ಅಂಕಿ ಕೊಟ್ಟರೆ ಬೇಗ ಸಿಗುತ್ತದೆ.

ಭದ್ರತೆಯ ವಿಷಯ. ಪಿಡಿಎಫ್ ಸೆಟ್ಟಿಂಗಿನಲ್ಲಿ ಎರಡು ಪಾಸ್‌ವರ್ಡ್ ಇವೆ. ಓನರ್ ಪಾಸ್‌ವರ್ಡ್ ಮಾತ್ರ ಹಾಕಿದರೆ ಫೈಲನ್ನು ಯಾರು ಬೇಕಾದರೂ ತೆರೆದು ಓದುತ್ತಾರೆ. ತೆರೆಯುವುದನ್ನೇ ತಡೆಯುವುದು ಯೂಸರ್ ಪಾಸ್‌ವರ್ಡ್. ಕಕ್ಷಿದಾರರಿಗೆ ಇಮೇಲಿನಲ್ಲಿ ಕಳಿಸುವುದಾದರೆ ಇದನ್ನು ಹಾಕಿ, ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿ. ಕೋರ್ಟಿಗೆ ಇ-ಫೈಲಿಂಗ್ ಮಾಡುವ ಪ್ರತಿಗೆ ಪಾಸ್‌ವರ್ಡ್ ಬೇಡ. ದೀರ್ಘಕಾಲ ಕಾಪಿಡುವುದಕ್ಕೆಂದೇ ಇರುವ ಪಿಡಿಎಫ್/ಎ ರೂಪ ಬೇಕಾದಲ್ಲಂತೂ ಆ ಮಾನಕವೇ ಪಾಸ್‌ವರ್ಡಿಗೆ ಎಡೆ ಕೊಡುವುದಿಲ್ಲ. ಡಿಜಿಟಲ್ ಸಹಿ ಕೊನೆಯ ಹೆಜ್ಜೆ. ಸಹಿಯಾದ ಫೈಲನ್ನು ಮತ್ತೆ ಒಸಿಆರ್ ಮಾಡಿ ಉಳಿಸಿದರೆ ಸಹಿ ಕೆಡುತ್ತದೆ.

ಆಧಾರ್ ಸಂಖ್ಯೆಯ ಮೇಲೆ ಪಿಡಿಎಫ್ ರೀಡರಿನಲ್ಲಿ ಕಪ್ಪು ಚೌಕ ಎಳೆದರೆ ಅದು ಮುಚ್ಚಿದಂತಲ್ಲ. ಕೆಳಗಿನ ಒಸಿಆರ್ ಪದರದಲ್ಲಿ ಅಂಕಿಗಳು ಹಾಗೇ ಕೂತಿರುತ್ತವೆ, ಆರಿಸಿ ನಕಲಿಸಿದರೆ ಹೊರಬರುತ್ತವೆ. ಜೆರಾಕ್ಸ್ ಪ್ರತಿಯ ಮೇಲೆ ಕಾಗದದ ಚೂರು ಅಂಟಿಸಿ ಆಮೇಲೆ ಸ್ಕ್ಯಾನ್ ಮಾಡುವುದೇ ಭದ್ರ. ಲೈಂಗಿಕ ಅಪರಾಧದ ಪ್ರಕರಣಗಳಲ್ಲಿ ಫೈಲಿನ ಹೆಸರಿನಲ್ಲೂ ಸಂತ್ರಸ್ತೆಯ ಹೆಸರು ಸುಳಿಯಬಾರದು. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ನೆನಪಿರಲಿ. ಪ್ರಕರಣದ ಬಗೆ, ಸಂಖ್ಯೆ, ವರ್ಷ ಸಾಕು, ಅದೂ ಇಂಗ್ಲಿಷ್ ಅಕ್ಷರಗಳಲ್ಲಿ.

ಕಕ್ಷಿದಾರರು ಪೆನ್‌ಡ್ರೈವಿನಲ್ಲಿ ತಂದ ವಿಡಿಯೋ, ಆಡಿಯೋ ನ್ಯಾಪ್ಸ್2ರ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಅವನ್ನು ಪಡೆದ ಕ್ಷಣವೇ ಹ್ಯಾಷ್, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು, ತೆಗೆದಿಡಿ: 7-ಜಿಪ್ ಎಂಬ ಉಚಿತ ತಂತ್ರಾಂಶ ಹಾಕಿದ್ದರೆ ಫೈಲಿನ ಮೇಲೆ ಬಲಕ್ಲಿಕ್, ಸಿಆರ್‌ಸಿ ಎಸ್‌ಎಚ್‌ಎ, ಎಸ್‌ಎಚ್‌ಎ-256. ಬರುವ 64 ಅಕ್ಷರಗಳು ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ, ಸಾಕ್ಷ್ಯ ಅಧಿನಿಯಮದ 63(4)ನೇ ಕಲಮಿನ ಪ್ರಮಾಣಪತ್ರಕ್ಕೆ ಬೇಕು.

ಕೊರತೆಗಳೂ ಇವೆ. ಪುಟಕ್ಕೆ ಸಂಖ್ಯೆ ಹಾಕುವುದಿಲ್ಲ, ಬುಕ್‌ಮಾರ್ಕ್ ಮಾಡುವುದಿಲ್ಲ, ಡಿಜಿಟಲ್ ಸಹಿ ಮಾಡುವುದಿಲ್ಲ. ನಂಬರಿಂಗ್ ಮೆಷಿನ್ನಿನಿಂದ ಕಾಗದದ ಮೇಲೆಯೇ ಸಂಖ್ಯೆ ಒತ್ತಿ ಸ್ಕ್ಯಾನ್ ಮಾಡುವುದು ಸುಲಭದ ದಾರಿ. ಉಳಿದೆರಡಕ್ಕೆ ಬೇರೆ ತಂತ್ರಾಂಶ ಬೇಕು. ಸ್ಕ್ಯಾನರ್ ಸತಾಯಿಸಿದರೆ ಕಂಪ್ಯೂಟರ್ ಸ್ಕ್ಯಾನರಿನೊಂದಿಗೆ ಮಾತಾಡುವ ಡ್ರೈವರನ್ನು ಬದಲಿಸಿ, ಪ್ರೊಫೈಲಿನಲ್ಲಿ ಡಬ್ಲ್ಯುಐಎ ಬದಲು ಟ್ವೇನ್ ಆರಿಸಿ ನೋಡಿ.

ಗಮನಕ್ಕೆ ಬಾರದೆ ಹೋಗುವ ಇನ್ನೊಂದು ಸಂಗತಿ: ಉಳಿಸದ ಪುಟಗಳನ್ನು ನ್ಯಾಪ್ಸ್2 ರಿಕವರಿ ಫೋಲ್ಡರಿನಲ್ಲಿ ಇಟ್ಟಿರುತ್ತದೆ. ಕರೆಂಟು ಹೋದಾಗ ಅದು ವರ. ಅದೇ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟಾಗ ಆ ಪುಟಗಳೂ ಜೊತೆಗೆ ಹೋಗಬಹುದು. ವಿಂಡೋಸ್ ಪ್ರೊ ಇದ್ದರೆ ಇಡೀ ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿ, ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಅದೇ ಕಂಪ್ಯೂಟರಿನಲ್ಲಿ ಇಟ್ಟರೆ ಡ್ರೈವ್ ಲಾಕ್ ಆದ ದಿನ ಕೀಯೂ ಒಳಗೇ ಸಿಕ್ಕಿಕೊಳ್ಳುತ್ತದೆ.