ಥೀಮ್ ಪಾರ್ಕಿನ ತಿಂಡಿ ಮಳಿಗೆಯಲ್ಲಿ ಕೆಲಸಕ್ಕೆ ಸೇರುವವರು ದಯವಿಟ್ಟು ಇದನ್ನು ಓದಿ

ಥೀಮ್ ಪಾರ್ಕಿನೊಳಗೆ ತಿಂಡಿ ಮಳಿಗೆಯ ಕೆಲಸ ಸಿಕ್ಕಿತೆಂದು ಸಂತೋಷಪಡುತ್ತಿರುವವರು, ತಮಗೆ ಸಂಬಳ ಕೊಡುವವರು ಯಾರು ಎಂಬುದನ್ನು ಬರಹದಲ್ಲಿ ಪಡೆಯದೆ ಒಂದು ದಿನವೂ ಅಲ್ಲಿ ನಿಲ್ಲಬೇಡಿ. ಇದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಆದರೂ ಇನ್ನೊಬ್ಬರು ಇದೇ ರೀತಿ ಬರಿಗೈಯಲ್ಲಿ ಹೊರಬರಬಾರದೆಂದು ಬರೆಯುತ್ತಿದ್ದೇನೆ.

ನನ್ನ ಸಂದರ್ಶನ ನಡೆದದ್ದು ಪಾರ್ಕಿನ ಆವರಣದಲ್ಲಿ. ಕೊಟ್ಟ ಸಮವಸ್ತ್ರದ ಮೇಲಿದ್ದದ್ದು ಪಾರ್ಕಿನ ಲಾಂಛನ, ಕೊರಳಿಗೆ ಹಾಕಿದ ಗುರುತಿನ ಚೀಟಿಯಲ್ಲಿದ್ದದ್ದೂ ಪಾರ್ಕಿನ ಹೆಸರೇ. ಮಳಿಗೆಯನ್ನು ಗುತ್ತಿಗೆದಾರರೊಬ್ಬರು ಬಾಡಿಗೆಗೆ ಪಡೆದಿದ್ದಾರೆ, ಮಾರಾಟದಲ್ಲಿ ಪಾರ್ಕಿಗೆ ಪಾಲು ಕೊಡುತ್ತಾರೆ, ಆದ್ದರಿಂದ ನಮ್ಮ ಸಂಬಳಕ್ಕೂ ಪಾರ್ಕಿಗೂ ಸಂಬಂಧವಿಲ್ಲ ಎಂಬ ಸಂಗತಿಯನ್ನು ಆ ದಿನ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇಂಥ ಏರ್ಪಾಡು ಈ ವ್ಯವಹಾರದಲ್ಲಿ ಸಾಮಾನ್ಯವೇ ಇರಬಹುದು. ಸಾಮಾನ್ಯವಾಗಿದ್ದರೆ ಹೇಳಲು ಏನು ತೊಂದರೆ?

ಕೆಲಸ ಕಷ್ಟದ್ದು, ಆದರೆ ನನ್ನ ದೂರು ಕೆಲಸದ ಬಗ್ಗೆ ಅಲ್ಲ. ದೊಡ್ಡ ಆಟವೊಂದು ನಿಂತರೆ ಸಾಲಿನಲ್ಲಿದ್ದ ಜನರೆಲ್ಲ ಒಮ್ಮೆಗೇ ಮಳಿಗೆಯ ಮುಂದೆ ಬಂದು ನಿಲ್ಲುತ್ತಾರೆ. ಸುಮಾರು 180 ಡಿಗ್ರಿ ಸೆಲ್ಸಿಯಸ್ ಕಾದ ಎಣ್ಣೆಯ ಪಕ್ಕದಲ್ಲಿ ನಿಂತು, ಬಿಸಿ ಪದಾರ್ಥ 60 ಡಿಗ್ರಿಗಿಂತ ಕೆಳಗಿಳಿಯದಂತೆ, ತಣ್ಣಗಿರಬೇಕಾದದ್ದು 5 ಡಿಗ್ರಿ ದಾಟದಂತೆ ನೋಡಿಕೊಂಡು, ಅದನ್ನೆಲ್ಲ ಪುಸ್ತಕದಲ್ಲಿ ಬರೆದಿಡುವುದನ್ನು ನಾನು ಶ್ರದ್ಧೆಯಿಂದ ಕಲಿತೆ, ಶ್ರದ್ಧೆಯಿಂದಲೇ ಮಾಡಿದೆ.

ಮೋಸ ಇದ್ದದ್ದು ಬೇರೆ ಕಡೆ. ಸಿಡಿಲು ಮಳೆ ಬಂದು ಹೊರಾಂಗಣದ ಆಟಗಳು ನಿಂತರೆ ವ್ಯಾಪಾರವೂ ನಿಲ್ಲುತ್ತದೆ. ಆಗ ಮೇಲ್ವಿಚಾರಕರು ಬಂದು ಹಾಜರಾತಿ ಯಂತ್ರದಲ್ಲಿ "ಹೊರಗೆ" ಎಂದು ಒತ್ತಿ ಬರುವಂತೆ ಹೇಳುತ್ತಿದ್ದರು. ಒತ್ತಿ ಬಂದವರು ಮನೆಗೆ ಹೋಗುವಂತಿರಲಿಲ್ಲ. ಮಳೆ ನಿಂತ ತಕ್ಷಣ ಸಿಗಬೇಕೆಂದು ಮಳಿಗೆಯ ಹಿಂದೆಯೇ ಕಾಯಬೇಕಿತ್ತು. ಆ ಕಾಯುವಿಕೆಗೆ ಸಂಬಳವಿಲ್ಲ. ಇನ್ನು ಹಣದ ಪೆಟ್ಟಿಗೆ: ಜನ ನೂಕುನುಗ್ಗಲಾದಾಗ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಗುಪ್ತಸಂಖ್ಯೆಯಲ್ಲಿ, ಯಾರ ಕೈ ಬಿಡುವಾಗಿದೆಯೋ ಅವರು ಬಿಲ್ ಹಾಕಿ ಚಿಲ್ಲರೆ ಕೊಡುತ್ತಿದ್ದರು. ರಾತ್ರಿ ಹಣ ಎಣಿಸುತ್ತಿದ್ದವರು ಮೇಲ್ವಿಚಾರಕರೊಬ್ಬರೇ, ಅದೂ ಒಳಕೋಣೆಯ ಬಾಗಿಲು ಹಾಕಿಕೊಂಡು. ನಮ್ಮೆದುರಿಗೆ ಎಣಿಸಿದ್ದು ಒಮ್ಮೆಯೂ ಇಲ್ಲ.

ಸಂಬಳದ ಚೀಟಿ ಕೈಗೆ ಬಂದ ಕ್ಷಣ ನನಗೆ ಇವತ್ತಿಗೂ ಮರೆಯಲಾಗುತ್ತಿಲ್ಲ. ಸಮವಸ್ತ್ರದ ಠೇವಣಿ ಎಂದು ಕಡಿತ, ತರಬೇತಿ ಖರ್ಚು ಎಂದು ಕಡಿತ, ಕಾದ ಗಂಟೆಗಳು ಲೆಕ್ಕಕ್ಕೇ ಇಲ್ಲ, ಕೊನೆಯಲ್ಲಿ "ನಗದು ಕೊರತೆ" ಎಂಬ ದೊಡ್ಡ ಮೊತ್ತ. ಕೊರತೆಯ ದಿನಾಂಕಗಳನ್ನು ತೋರಿಸುವಂತೆ ಕೇಳಿದೆ. ಪಟ್ಟಿಯಲ್ಲಿ ನನ್ನ ವಾರದ ರಜೆಯ ದಿನಗಳೂ ಇದ್ದವು. ನಾನು ಪಾರ್ಕಿನೊಳಗೆ ಕಾಲೇ ಇಡದ ದಿನ ಪೆಟ್ಟಿಗೆಯಲ್ಲಿ ಕಡಿಮೆಯಾದ ಹಣವನ್ನೂ ನನ್ನ ಸಂಬಳದಿಂದ ಹಿಡಿದಿದ್ದರು! ಎದುರಿಗೆ ಸಹೋದ್ಯೋಗಿಗಳು ನಿಂತಿದ್ದರು, ಯಾರೂ ಮಾತಾಡಲಿಲ್ಲ. ಅವರ ಚೀಟಿಗಳಲ್ಲೂ ಅದೇ ಇತ್ತು.

"ಕೊರತೆ ಇಡೀ ಮಳಿಗೆಯದು, ಎಲ್ಲರೂ ಹಂಚಿಕೊಳ್ಳಬೇಕು" ಎಂದರು ಗುತ್ತಿಗೆದಾರರು. ಹಾಗಾದರೆ ಲೆಕ್ಕಕ್ಕಿಂತ ಹೆಚ್ಚು ಹಣ ಉಳಿದ ದಿನಗಳಲ್ಲಿ ಅದನ್ನು ಯಾರಿಗೆ ಹಂಚಿದಿರಿ ಎಂದು ಕೇಳಿದೆ. ಉತ್ತರವಿಲ್ಲ. ಸೇರಿಸಿಕೊಳ್ಳುವಾಗ "ನೀವು, ತಾವು" ಎಂದು ಕರೆದಿದ್ದವರು ಆಗ, "ಇಷ್ಟು ಲೆಕ್ಕ ಕೇಳೋದಾದ್ರೆ ನಾಳೆಯಿಂದ ಬರಬೇಡ" ಎಂದರು. ಪಾರ್ಕಿನ ಕಚೇರಿಗೆ ಹೋದರೆ ಅಲ್ಲಿನವರು ಕಂಪ್ಯೂಟರ್ ನೋಡಿ, "ನಿಮ್ಮ ಹೆಸರು ನಮ್ಮ ಸಿಬ್ಬಂದಿ ಪಟ್ಟಿಯಲ್ಲಿ ಇಲ್ಲವಲ್ಲ" ಎಂದರು. ನಾನು ಅವರದೇ ಲಾಂಛನದ ಅಂಗಿ ತೊಟ್ಟು ಅವರೆದುರಿಗೆ ನಿಂತಿದ್ದೆ. ಆ ಅಂಗಿಯ ಠೇವಣಿಯನ್ನೂ ನನ್ನ ಸಂಬಳದಿಂದಲೇ ಹಿಡಿದಿದ್ದರು.

ಇದು ಕೇವಲ ನನ್ನ ಸಿಟ್ಟಿನ ಮಾತಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1949ರಲ್ಲಿ ಅಂಗೀಕರಿಸಿದ ವೇತನ ಸಂರಕ್ಷಣೆಯ 95ನೆಯ ಒಡಂಬಡಿಕೆಯ 8ನೆಯ ವಿಧಿಯ ಪ್ರಕಾರ, ದೇಶದ ಕಾನೂನು, ಸಾಮೂಹಿಕ ಒಪ್ಪಂದ ಅಥವಾ ಮಧ್ಯಸ್ಥಿಕೆಯ ತೀರ್ಪು ಹೇಳಿದ ಷರತ್ತು ಹಾಗೂ ಮಿತಿಯೊಳಗೆ ಮಾತ್ರ ಸಂಬಳದಲ್ಲಿ ಕಡಿತ ಮಾಡಬಹುದು. ಕೆಲಸ ಪಡೆಯಲು ಅಥವಾ ಉಳಿಸಿಕೊಳ್ಳಲು ಮಾಲೀಕರಿಗಾಗಲಿ ಮಧ್ಯವರ್ತಿಗಾಗಲಿ ಹಣ ಸಲ್ಲುವಂತೆ ಸಂಬಳದಿಂದ ಕಡಿಯುವುದನ್ನು 9ನೆಯ ವಿಧಿ ನಿಷೇಧಿಸುತ್ತದೆ. ಸಂಬಳದ ಷರತ್ತುಗಳನ್ನು ಕೆಲಸಕ್ಕೆ ಸೇರುವ ಮೊದಲೇ ಅರ್ಥವಾಗುವಂತೆ ತಿಳಿಸಬೇಕೆಂದು 14ನೆಯ ವಿಧಿ ಹೇಳುತ್ತದೆ. ಒಡಂಬಡಿಕೆಗೆ ಬದ್ಧವಾಗುವುದು ಅದನ್ನು ಅನುಮೋದಿಸಿದ ದೇಶಗಳು. ನಿಮ್ಮಲ್ಲಿನ ಕಾನೂನು ಏನೆನ್ನುತ್ತದೆ ಎಂಬುದನ್ನು ಕಾರ್ಮಿಕ ಇಲಾಖೆಯಲ್ಲಿ ಕೇಳಿ ತಿಳಿಯಿರಿ.

ಸೇರುವವರು ನೇಮಕಾತಿ ಪತ್ರದಲ್ಲಿ ಯಾರ ಹೆಸರಿದೆ ಎಂದು ಮೊದಲು ನೋಡಿ. ಪತ್ರವನ್ನೇ ಕೊಡದಿದ್ದರೆ ಎದ್ದು ಬನ್ನಿ. ಬಂದ ಮತ್ತು ಹೋದ ಸಮಯವನ್ನು ನಿಮ್ಮ ಪುಸ್ತಕದಲ್ಲೇ ಬರೆದಿಡಿ, ಯಂತ್ರವನ್ನು ನಂಬಬೇಡಿ. ನಿಮ್ಮ ಕಣ್ಣೆದುರಿಗೆ ಎಣಿಸದ ಹಣದ ಕೊರತೆಗೆ ಸಹಿ ಹಾಕಬೇಡಿ, ಯಾರು ಎಷ್ಟೇ ನಯವಾಗಿ ಕೇಳಿದರೂ ಹಾಕಬೇಡಿ. ನನ್ನ ಠೇವಣಿ ಇನ್ನೂ ಬಂದಿಲ್ಲ. ಅಂಗಿಯನ್ನು ಮಾತ್ರ ಒಗೆದು ಮಡಿಸಿ ಹಿಂದಿರುಗಿಸಬೇಕೆಂದು ಎರಡು ಸಲ ಫೋನ್ ಬಂದಿದೆ.